ನೂಲಿಲ್ಲದ ಕಾಗದ

ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಅಲ್ಲಿ ನಿಲ್ಲಲಾಗುವುದಿಲ್ಲ. ಮೊನ್ನೆ ಮೊಮ್ಮಗಳಿಗೆ ಶಾಲೆಯ ಸಮವಸ್ತ್ರ ಹೊಲಿಸಲೆಂದು ಬಂಟ್ವಾಳ ಪೇಟೆಗೆ ಹೋಗಿದ್ದೆ. ದರ್ಜಿ ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿ ಹರಡಿದ, ಆ ವಾಸನೆ ಎದ್ದಿತು. ಹುಡುಗಿಯ ಅಳತೆ ತೆಗೆದು ಬರೆದುಕೊಂಡು, "ಕೆಳಗೆ ಮಡಿಚಲಿಕ್ಕೆ ಎಷ್ಟು ಬಿಡಬೇಕು ಟೀಚರೇ? ಬೆಳೆಯುವ ಮಗು ಅಲ್ವಾ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಆದರೂ ನಾನು "ಎಷ್ಟಾದರೂ ಬಿಡು ಮಾರಾಯ" ಎಂದು ಸಿಡುಕಿ ಹೊರಗೆ ಬಂದು ಜಗಲಿಯ ಮೇಲೆ ನಿಂತೆ. ಅಜ್ಜಿಗೆ ಎಂತಾಯ್ತು ಎಂದು ಮೊಮ್ಮಗಳು ಬೆರಗಾದಳು. ಅವಳಿಗೆ ಹೇಳಿ ಪ್ರಯೋಜನವಿಲ್ಲ, ಅವಳ ಅಮ್ಮ ದಿನಾ ಸಂಜೆ ಐದೂವರೆಗೆ ಮನೆಗೆ ಬರುತ್ತಾಳೆ. ನಿಮ್ಮಲ್ಲಿ ಯಾರಾದರೂ ಎಳವೆಯಲ್ಲಿ ಒಂದು ಮನೆಯಿಂದ ಕಿತ್ತು ಇನ್ನೊಂದು ಮನೆಯಲ್ಲಿ ನೆಡಲ್ಪಟ್ಟವರಿದ್ದರೆ, ನಿಮಗೆ ಹೇಳುತ್ತೇನೆ.

ನಾನು ಹುಟ್ಟಿದ್ದು ಕೊಲಂಬೊದಲ್ಲಿ. ಅಪ್ಪ ಬಂಟ್ವಾಳದವರು, ಮೀಸೆ ಮೂಡುವ ಮುಂಚೆಯೇ ಸಿಲೋನಿಗೆ ಹೋಗಿ ಹೋಟೆಲಿನ ಅಡುಗೆ ಕೆಲಸಕ್ಕೆ ಸೇರಿದವರು. ಅಮ್ಮ ಅಲ್ಲಿಯವಳೇ, ಸಿಂಹಳದವಳು. ಅಲ್ಲಿಯೂ ತಾಯಿಯನ್ನು ಅಮ್ಮ ಎಂದೇ ಕರೆಯುತ್ತಾರೆ, ಹಾಗಾಗಿ ಆ ಒಂದು ಶಬ್ದವನ್ನು ಮಾತ್ರ ನಾನು ಯಾವತ್ತೂ ಹೊಸದಾಗಿ ಕಲಿಯಬೇಕಾಗಿ ಬರಲಿಲ್ಲ. ಅಮ್ಮ ಮನೆಯಲ್ಲೇ ಕೈಮಿಷನ್ ಇಟ್ಟುಕೊಂಡು ಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. ಓದಲು ಬರೆಯಲು ಬಾರದು. ಟೇಪಿನ ಮೇಲಿನ ಅಂಕೆಗಳು ಮಾತ್ರ ಗೊತ್ತು. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರು. ನನಗೆ ಒಂಬತ್ತು ವರ್ಷವಾದಾಗ, ಐವತ್ತರ ದಶಕ ಮುಗಿಯುತ್ತ ಬಂದ ಸಮಯದಲ್ಲಿ, ಅಪ್ಪನೂ ಬಂಟ್ವಾಳದಲ್ಲಿದ್ದ ಅವರ ಅಕ್ಕನೂ ಸೇರಿ ಒಂದು ಏರ್ಪಾಡು ಮಾಡಿಕೊಂಡರು. ಅಕ್ಕನ ಮಗ ಸುಧಾಕರ ಕೊಲಂಬೊಗೆ ಹೋಗಿ ಅಪ್ಪನ ಹತ್ತಿರ ಇದ್ದು ಇಂಗ್ಲಿಷ್ ಕಲಿಯುವುದು, ನಾನು ಬಂಟ್ವಾಳಕ್ಕೆ ಬಂದು ಕನ್ನಡ ಶಾಲೆಯಲ್ಲಿ ಕಲಿತು ನಮ್ಮ ಕಡೆಯ ರೀತಿ ನೀತಿ ತಿಳಿಯುವುದು. ಎರಡು ವರ್ಷ, ಆಮೇಲೆ ಇಬ್ಬರೂ ಅವರವರ ಮನೆಗೆ. ಈಗಿನವರು ದೇಶದಿಂದ ದೇಶಕ್ಕೆ ವಿದ್ಯಾರ್ಥಿಗಳನ್ನು ಬದಲಾಯಿಸಿಕೊಳ್ಳುವುದಕ್ಕೆ ದೊಡ್ಡ ಹೆಸರಿಟ್ಟು ಪೇಪರಿನಲ್ಲಿ ಫೋಟೋ ಹಾಕುತ್ತಾರೆ. ನಮ್ಮ ಮನೆಯವರು ಅದನ್ನು ಪಾತ್ರೆ ಬದಲಾಯಿಸಿಕೊಂಡಷ್ಟು ಸಲೀಸಾಗಿ ಮಾಡಿದರು. ಅಮ್ಮನನ್ನು ಯಾರೂ ಕೇಳಲಿಲ್ಲ.

ರೈಲು, ಹಡಗು, ಮತ್ತೆ ರೈಲು, ಕೊನೆಗೆ ಬಸ್ಸು. ಊರಿಗೆ ಹೊರಟಿದ್ದ ಹೋಟೆಲಿನವರೊಬ್ಬರು ನನ್ನನ್ನು ತಂದು ಬಂಟ್ವಾಳ ಪೇಟೆಯ ಕೆಳಗಿನ ಬೀದಿಯಲ್ಲಿದ್ದ ಅಪ್ಪನ ಅಕ್ಕನ ಮನೆಗೆ ಮುಟ್ಟಿಸಿ, ಮುಂದಿನ ವಾರ ಸುಧಾಕರನನ್ನು ಕರೆದುಕೊಂಡು ಹೋದರು. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಮಾಮಿ ಬೀಡಿ ಕಟ್ಟುತ್ತಿದ್ದರು. ಮಾಮ ಬಸ್ಸಿನ ಕಂಡಕ್ಟರ್. ಬಂಟ್ವಾಳದಿಂದ ಗುರುವಾಯನಕೆರೆ, ಅಲ್ಲಿಂದ ವೇಣೂರಿನ ಮೇಲೆ ಮೂಡಬಿದ್ರೆಗೆ ಹೋಗುವ ಬಸ್ಸು. ಹಂಚಿನ ಮಾಡಿನ ಎರಡು ಕೋಣೆಯ ಮನೆ, ಹಿಂದುಗಡೆ ನಾಲ್ಕು ಮೆಟ್ಟಿಲು ಇಳಿದರೆ ನೇತ್ರಾವತಿ. ಒದ್ದೆ ಮಾಡಿ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಯ ವಾಸನೆ, ಹೊಗೆಸೊಪ್ಪಿನ ಘಾಟು ಆ ಮನೆಯ ಅನ್ನಕ್ಕೂ ಹಾಸಿಗೆಗೂ ಹತ್ತಿತ್ತು. ಮೊದಲ ದಿನ ಸೀನಿ ಸೀನಿ ನನ್ನ ಕಣ್ಣು ಕೆಂಪಾಯಿತು. ಮಾಮಿ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿ, "ಅಯ್ಯೋ ದೇವರೇ, ಇದು ಸೀನುವುದಾ ಅಳುವುದಾ?" ಎಂದು ಕೇಳಿದ್ದರು. ಎರಡೂ ಆಗಿತ್ತು.

ಶಾಲೆಯ ಮೊದಲ ದಿನ ನಾನು ಬೂಟು ಕಾಲುಚೀಲ ಹಾಕಿಕೊಂಡು ಹೋದೆ. ಇಡೀ ಶಾಲೆಯಲ್ಲಿ ಬೂಟು ಹಾಕಿದವಳು ನಾನೊಬ್ಬಳೇ, ಮಾಸ್ಟ್ರುಗಳೂ ಚಪ್ಪಲಿಯಲ್ಲಿದ್ದರು. ಬಾಗಿಲ ಹೊರಗೆ ಬಿಚ್ಚಿಟ್ಟು ಬಂದದ್ದನ್ನು ಮಕ್ಕಳು ಗುಂಪುಗೂಡಿ ನೋಡಿದರು, ಮೂಸಿದರು, ಮಧ್ಯಾಹ್ನ ಹೊರಗೆ ಬಂದಾಗ ಒಂದೇ ಬೂಟು ಉಳಿದಿತ್ತು. ಇನ್ನೊಂದು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಐದನೆಯ ಇಯತ್ತೆಯಲ್ಲಿದ್ದವಳನ್ನು ಇಲ್ಲಿ ಕನ್ನಡ ಅಕ್ಷರ ಬಾರದೆಂದು ಒಂದನೆಯ ಕ್ಲಾಸಿನಲ್ಲಿ ಕುಳ್ಳಿರಿಸಿದರು. ಆರು ವರ್ಷದ ಮಕ್ಕಳ ನಡುವೆ, ಮಣೆಯ ಮೇಲೆ ಮೊಣಕಾಲು ಎಲ್ಲಿ ಮಡಚುವುದೆಂದು ತಿಳಿಯದೆ, ಸ್ಲೇಟಿನ ಮೇಲೆ ಅ ಆ ತಿದ್ದುತ್ತ ಕುಳಿತೆ. ಪಕ್ಕದ ಕ್ಲಾಸಿನವರು ತಟ್ಟಿಯ ಸಂದಿನಿಂದ ಇಣುಕಿ, "ಲಂಕಿಣಿ, ಓ ಲಂಕಿಣಿ, ಹನುಮಂತ ಬಂದ ನೋಡು!" ಎಂದು ಕೂಗುತ್ತಿದ್ದರು. ನನ್ನ ಹೆಸರು ನಳಿನಿ. ಆ ಶಾಲೆಯಲ್ಲಿ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಆ ಹೆಸರು ನಡೆಯಲಿಲ್ಲ. ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಅಶೋಕವನದಲ್ಲಿ ಸೀತೆಯನ್ನು ಕಾಯುವ ರಾಕ್ಷಸಿ ಬೇಕಾದಾಗ ಯಾರೂ ಎರಡು ಸಲ ಯೋಚಿಸಲಿಲ್ಲ, ಮಸಿ ಬಳಿದು ನನ್ನನ್ನೇ ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು ಬೇರೆ.

ಇನ್ನೊಂದು ವಿಚಿತ್ರ ಏನೆಂದರೆ, ಆ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಮನೆಮಾತಲ್ಲ. ಎಲ್ಲರದ್ದೂ ತುಳು, ಕೆಲವರದ್ದು ಕೊಂಕಣಿ, ಬ್ಯಾರಿ. ಅಪ್ಪ ಹೋಟೆಲಿನವರ ಜೊತೆ ಆಡುತ್ತಿದ್ದ ತುಳು ನನಗೂ ಅಷ್ಟಿಷ್ಟು ಗೊತ್ತಿತ್ತು. ಆದರೆ ಕ್ಲಾಸಿನೊಳಗೆ ತುಳು ಆಡಿದರೆ ಬೆತ್ತ. ಹಾಗಾಗಿ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಮುಖ ಬದಲಾಯಿಸಿ, ಹಬ್ಬದ ಅಂಗಿ ತೊಟ್ಟವರ ಹಾಗೆ ಬಿಗಿಯಾಗಿ, "ನಾನು ನೀರು ಕುಡಿಯಲು ಹೋಗಬಹುದೇ ಸಾರ್?" ಎನ್ನುತ್ತಿದ್ದರು. ಕನ್ನಡ ಎಂದರೆ ಮರ್ಯಾದೆಯ ಮಾತು, ದೊಡ್ಡವರಿಗೆ ಕೇಳಿಸಲಿಕ್ಕೆ ಇರುವ ಮಾತು ಎಂದು ನಾನು ತಿಳಿದುಕೊಂಡೆ. ಹಸಿವು, ಅಳು, ಜಗಳಕ್ಕೆಲ್ಲ ತುಳು. ಸಿಂಹಳ ಮಾತು ಯಾವುದಕ್ಕೂ ಇಲ್ಲ. ನದಿಯ ಮೆಟ್ಟಿಲಿನ ಮೇಲೆ ಕುಳಿತು ಒಬ್ಬಳೇ ಆಡಿಕೊಳ್ಳುತ್ತಿದ್ದೆ, ಎದುರಿನಿಂದ ಉತ್ತರ ಬಾರದೆ ಅದೂ ನಿಧಾನವಾಗಿ ನಿಂತುಹೋಯಿತು.

ಆ ಎರಡು ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ನೂಲು. ಎರಡು ತಿಂಗಳಿಗೊಮ್ಮೆ ಮಾಮ ಅಪ್ಪನಿಗೆ ಕಾಗದ ಬರೆಯಲು ಕುಳಿತಾಗ ಮಾಮಿ ನನ್ನನ್ನು ಬಾಗಿಲ ದಾರಂದಕ್ಕೆ ಬೆನ್ನು ತಾಗಿಸಿ ನಿಲ್ಲಿಸುತ್ತಿದ್ದರು. ಬೀಡಿಗೆ ಸುತ್ತುವ ಕೆಂಪು ನೂಲಿನ ಉಂಡೆ ತಂದು, ಭುಜದಿಂದ ಹಿಡಿದು ಸೊಂಟದಲ್ಲಿ ಒಂದು ಗಂಟು, ಮೊಣಕಾಲಿನಲ್ಲಿ ಇನ್ನೊಂದು ಗಂಟು, ಎದೆಯ ಸುತ್ತಳತೆಗೆ ಬೇರೆ ತುಂಡು. "ನೆಟ್ಟಗೆ ನಿಲ್ಲು ಮಾರಾಯ್ತಿ, ಬಾಳೆಗಿಡದ ಹಾಗೆ ವಾಲಬೇಡ" ಎಂದು ಬೈಯುತ್ತ ಹಲ್ಲಿನಲ್ಲಿ ನೂಲು ಕಡಿಯುತ್ತಿದ್ದರು. ಆ ನೂಲನ್ನು ಸುರುಳಿ ಸುತ್ತಿ ಕವರಿನೊಳಗೆ ಹಾಕುವುದು. ಅಕ್ಷರವೆಲ್ಲ ಅಪ್ಪನಿಗೆ, ನೂಲು ಅಮ್ಮನಿಗೆ. ಅಮ್ಮ ಅದನ್ನು ಟೇಪಿನ ಮೇಲಿಟ್ಟು ಅಳೆದು ಹೊಲಿದ ಫ್ರಾಕ್, ಊರಿಗೆ ಬರುವ ಹೋಟೆಲಿನವರ ಪೆಟ್ಟಿಗೆಯಲ್ಲಿ ವರ್ಷಕ್ಕೆ ಎರಡು ಸಲ ಬರುತ್ತಿತ್ತು. ಬಿಚ್ಚಿದರೆ ಹೊಸ ಬಟ್ಟೆಯ ಗಂಜಿ ವಾಸನೆ, ಜೊತೆಗೆ ಮಿಷನ್ ಎಣ್ಣೆಯದ್ದು. ಹಾಕಿದರೆ ಮೈಗೆ ಅಚ್ಚು ಹೊಡೆದ ಹಾಗೆ. ಅಷ್ಟು ದೂರದಿಂದ ಅಮ್ಮ ನನ್ನ ಮೈ ಸವರಿದ ಹಾಗಾಗುತ್ತಿತ್ತು. ಒಗೆಯಲು ಬಿಡುತ್ತಿರಲಿಲ್ಲ ನಾನು. ಆದರೂ ಒಂದು ವಾರದಲ್ಲಿ ಹೊಗೆಸೊಪ್ಪಿನ ಘಾಟು ಅದಕ್ಕೂ ಹತ್ತುತ್ತಿತ್ತು.

ಹೇಳದಿದ್ದರೆ ಪಾಪ ಬಂದೀತು, ಆ ಮನೆಯಲ್ಲಿ ನನ್ನನ್ನು ಯಾರೂ ಹಿಂಸೆ ಮಾಡಲಿಲ್ಲ. ಮಾಮಿಯ ಬಾಯಿ ಜೋರು, ಕೈ ಧಾರಾಳ. ಸುಧಾಕರನ ಪಾಲಿನ ಹಾಲು ನನಗೇ ಕೊಟ್ಟರು. ಮಾಮ ಭಾನುವಾರ ನನ್ನನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕುಳ್ಳಿರಿಸಿ ಮೂಡಬಿದ್ರೆಯವರೆಗೆ ಕರೆದುಕೊಂಡು ಹೋಗಿ, ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನಿಸಿ ಕರೆತರುತ್ತಿದ್ದರು. ವೇಣೂರಿನಲ್ಲಿ ಬಸ್ಸು ನಿಂತಾಗ ಪರಿಚಯದವರು, "ಇದು ಯಾರು, ನಿಮ್ಮ ಮಗಳಾ?" ಎಂದರೆ, "ಹೌದು, ಸದ್ಯಕ್ಕೆ ನಮ್ಮದೇ" ಎನ್ನುತ್ತಿದ್ದರು. ಆ 'ಸದ್ಯಕ್ಕೆ' ನನಗೆ ಎಷ್ಟು ಇಷ್ಟವಾಗುತ್ತಿತ್ತೆಂದರೆ, ಅದನ್ನು ಕೇಳಲಿಕ್ಕಾಗಿಯೇ ಭಾನುವಾರ ಕಾಯುತ್ತಿದ್ದೆ.

ಓದಿನಲ್ಲಿ ಹಟ ಹಿಡಿದೆ. ಎರಡು ವರ್ಷದಲ್ಲಿ ನಾಲ್ಕು ಕ್ಲಾಸು ಹಾರಿ ನನ್ನ ವಯಸ್ಸಿನವರ ಸಾಲಿಗೆ ಬಂದೆ. ಅಷ್ಟರಲ್ಲಿ ಅಪ್ಪನ ಕಾಗದ ಬಂತು. ಮಾಮ ಓದಿ ಹೇಳಿದರು: ಹೇಳಿದ ಎರಡು ವರ್ಷ ಮುಗಿಯಿತು, ನಳಿನಿಯ ಅಮ್ಮ ದಿನಾ ಕೇಳುತ್ತಾಳೆ, ಪ್ರಯಾಣಕ್ಕೆಂದು ಬಟ್ಟೆಯನ್ನೂ ತಂದಿಟ್ಟಿದ್ದಾಳೆ. ಸುಧಾಕರನ ಓದು ಚೆನ್ನಾಗಿ ನಡೆದಿದೆ, ನಡುವೆ ಬಿಡಿಸುವುದು ಬೇಸರವೇ, ಆದರೂ ಮಾತು ಮಾತೇ. ಹುಡುಗಿಗೆ ಬರುವ ಮನಸ್ಸುಂಟೋ ಇಲ್ಲವೋ ಅವಳೇ ಕೈಯಾರೆ ಬರೆಯಲಿ, ಅವಳು ಹೇಳಿದ ಹಾಗೆ ಮಾಡುತ್ತೇನೆ. ಮಾಮಿಯ ಕೈಯಲ್ಲಿ ಎಲೆ ಹಾಗೆಯೇ ನಿಂತಿತು. "ನೀನೇ ಬರಿ ಮಗಾ. ಮಾಸ್ಟ್ರಿಗೆ ತೋರಿಸಿ ಬರಿ. ಎರಡು ವರ್ಷ ಕಲಿಸಿ ತಪ್ಪು ಬರೆದ್ಲು ಅಂತ ಆಗಬಾರದು" ಎಂದಷ್ಟೇ ಹೇಳಿದರು. ನನಗೆ ಕುಣಿಯಬೇಕೆನಿಸಿತು. ನಾನೇ ಬರೆಯುವುದು! ಇನ್ನೇನು, ಹೊರಟೆ ಎಂದೇ ಲೆಕ್ಕ.

ಆ ವಾರವೇ ಕ್ಲಾಸಿನಲ್ಲಿ ಪತ್ರಲೇಖನದ ಪಾಠ ನಡೆಯುತ್ತಿತ್ತು. ನಮ್ಮ ಕನ್ನಡ ಮಾಸ್ಟ್ರು ವಾಸುದೇವ ಮಾಸ್ಟ್ರು, ಬಿಳಿ ಪಂಚೆ, ಕಿವಿಯ ಮೇಲೆ ಕೆಂಪು ಪೆನ್ಸಿಲು. ಬೋರ್ಡಿನ ಮೇಲೆ ಮಾದರಿ ಪತ್ರ ಬರೆದಿದ್ದರು. ಪರವೂರಿನಲ್ಲಿದ್ದು ಓದುವ ವಿದ್ಯಾರ್ಥಿ ತಂದೆಗೆ ಬರೆಯುವ ಪತ್ರ. ತೀರ್ಥರೂಪರಾದ ತಂದೆಯವರ ಚರಣಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು ಎಂದು ಶುರು, ಇಂತಿ ತಮ್ಮ ಆಜ್ಞಾಧಾರಕ ಎಂದು ಮುಗಿತಾಯ. ನಾನು ಮೊದಲ ಸಾಲನ್ನು ಹಾಗೆಯೇ ಬರೆದು, ಅದರ ಕೆಳಗೆ ನನ್ನದೇ ಮಾತಿನಲ್ಲಿ, "ಅಪ್ಪ, ನನಗೆ ಇಲ್ಲಿ ಸಾಕು. ನನಗೆ ಅಮ್ಮ ಬೇಕು. ಬೇಗ ಕರೆದುಕೊಂಡು ಹೋಗಿ" ಎಂದು ಬರೆದು ಮಾಸ್ಟ್ರ ಮೇಜಿಗೆ ಒಯ್ದೆ. ಅವರು ಓದಿದರು. ಮುಖ ಗಂಟಿಕ್ಕಿದರು. "ಎಂತದಿದು? ಇದು ಪತ್ರವಾ? ಇದು ಅಳು. ತಂದೆಗೆ ಹೀಗೆ ಬರೆಯುವ ಕ್ರಮ ಉಂಟಾ?" ಎಂದು ಕಿವಿಯ ಮೇಲಿನ ಪೆನ್ಸಿಲು ತೆಗೆದು ಆ ಮೂರು ವಾಕ್ಯದ ಮೇಲೆ ಗೆರೆ ಎಳೆದರು. "ಬೋರ್ಡಿನ ಮೇಲೆ ಉಂಟಲ್ಲ, ಅದನ್ನು ನೋಡಿ ಬರಿ."

ಬೋರ್ಡಿನ ಮೇಲೆ ಇದ್ದದ್ದು ಇದು: ಇತ್ತ ನಾನು ಕ್ಷೇಮದಿಂದಿದ್ದು ತಮ್ಮೆಲ್ಲರ ಕ್ಷೇಮವನ್ನು ಸದಾ ಬಯಸುತ್ತೇನೆ. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ವಿದ್ಯಾಭ್ಯಾಸ ಪೂರ್ಣಗೊಳ್ಳುವವರೆಗೆ ಇಲ್ಲಿಯೇ ಇರಲು ಇಚ್ಛಿಸುತ್ತೇನೆ. ನನ್ನ ಬಗ್ಗೆ ಚಿಂತಿಸಬಾರದಾಗಿ ಬೇಡಿಕೊಳ್ಳುತ್ತೇನೆ. ನಾನು ಹೊಸ ಹಾಳೆಯಲ್ಲಿ ಪೂರ್ತಿ ಇಳಿಸಿದೆ. ಅರ್ಥವಾಗದೆ ಇಳಿಸಿದೆ ಎಂದು ನನ್ನನ್ನು ಸಮಾಧಾನ ಮಾಡಲು ಬರಬೇಡಿ. ಅರ್ಥವಾಗಿತ್ತು. ಇಚ್ಛಿಸುತ್ತೇನೆ ಎಂಬ ಶಬ್ದದ ಹತ್ತಿರ ಕೈ ನಿಂತಿತ್ತು ಕೂಡ. ಆದರೆ ಕ್ರಮವೆಂದರೆ ಹೀಗೇ ಇರಬೇಕು, ಕನ್ನಡದಲ್ಲಿ ಎಲ್ಲ ಮಕ್ಕಳೂ ಅಪ್ಪನಿಗೆ ಹೀಗೆಯೇ ಬರೆಯುವುದು, ಅಪ್ಪನೂ ಇಲ್ಲಿಯ ಶಾಲೆಯಲ್ಲೇ ಕಲಿತವರಾದ್ದರಿಂದ ಅವರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು, ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮಾಸ್ಟ್ರು ಆ ಹಾಳೆಯ ಮೂಲೆಯಲ್ಲಿ ಹತ್ತಕ್ಕೆ ಹತ್ತು ಎಂದು ಬರೆದು, ಕ್ಲಾಸಿಗೆಲ್ಲ ಎತ್ತಿ ತೋರಿಸಿದರು. "ನೋಡಿ, ಸಿಲೋನಿನ ಹುಡುಗಿ! ನಿಮಗೆ ನಾಚಿಕೆ ಇಲ್ವಾ?" ಎಂದರು. ಲಂಕಿಣಿಗೆ ಹತ್ತಕ್ಕೆ ಹತ್ತು. ಒಂದು ಶಬ್ದ ಬದಲಾಯಿಸಿದರೂ ಆ ಹತ್ತು ಹೋಗುತ್ತಿತ್ತು. ನಾನು ಬದಲಾಯಿಸಲಿಲ್ಲ.

ಮಾಮನ ಬಸ್ಸು ಮಧ್ಯಾಹ್ನ ಶಾಲೆಯ ಎದುರಿನಿಂದಲೇ ಹೋಗುತ್ತಿತ್ತು. ಮಾಸ್ಟ್ರೇ ಕವರು ಕೊಟ್ಟು, ವಿಳಾಸ ಬರೆಸಿ, ಅಂಟು ಹಚ್ಚಿಸಿದರು. ನಾನು ಗೇಟಿಗೆ ಓಡಿ ಮಾಮನ ಕೈಗೆ ಕೊಟ್ಟು, "ಹತ್ತಕ್ಕೆ ಹತ್ತು ಮಾಮ!" ಎಂದು ಕೂಗಿದೆ. ಅವರು ನಕ್ಕು ಕವರನ್ನು ಖಾಕಿ ಜೇಬಿಗೆ ಹಾಕಿ ಸೀಟಿ ಊದಿದರು. ಬಸ್ಸು ತಿರುವು ದಾಟಿದ ಮೇಲೆ ನನಗೆ ನೂಲಿನ ನೆನಪಾಯಿತು. ದಾರಂದಕ್ಕೆ ನಿಂತಿರಲಿಲ್ಲ, ಗಂಟು ಹಾಕಿರಲಿಲ್ಲ. ಹೋಗಲಿ, ಮುಂದಿನ ಸಲ ಎಂದುಕೊಂಡು ಕ್ಲಾಸಿಗೆ ಹೋದೆ. ಸಂಜೆ, ಕವರು ಅಂಚೆಗೆ ಬಿದ್ದ ಮೇಲೆ, ಮನೆಯಲ್ಲಿ ಆ ಪತ್ರವನ್ನು ಬಾಯಿಪಾಠ ಒಪ್ಪಿಸಿದೆ, ಅಷ್ಟು ಚಂದದ ಕನ್ನಡ ಕೇಳಿ ಮಾಮಿ ಕಣ್ಣೊರೆಸಿಕೊಂಡರು. ಮಾಮ ಮಾತ್ರ, "ಎಲ್ಲ ಸರಿ ಮಗಾ, ಇದರಲ್ಲಿ ನೀನು ಎಲ್ಲಿದ್ದೀ?" ಎಂದರು. ಹುಡುಗಿಯ ತಲೆ ತಿನ್ನಬೇಡಿ ಎಂದು ಮಾಮಿ ಅವರ ಬಾಯಿ ಮುಚ್ಚಿಸಿದರು.

ಅಪ್ಪ ನನ್ನ ಮಾತಿನಂತೆ ನಡೆದುಕೊಂಡರು. ಆ ಏಪ್ರಿಲಿನಲ್ಲಿ ಕೊಲಂಬೊದಿಂದ ಬಂದ ಹೋಟೆಲಿನವರ ಪೆಟ್ಟಿಗೆಯಲ್ಲಿ ನನಗೆ ಫ್ರಾಕ್ ಇರಲಿಲ್ಲ. "ನಿನ್ನಮ್ಮ ಏನೂ ಕೊಡ್ಲಿಲ್ಲಮ್ಮ" ಎಂದು ಅವರು ಕೈ ತಿರುಗಿಸಿ ತೋರಿಸಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕರೆಸಿಕೊಳ್ಳಲಿಲ್ಲ, ಒಂದು ತುಂಡು ಬಟ್ಟೆಯನ್ನೂ ಕಳಿಸಲಿಲ್ಲ, ಸುಧಾಕರನೇ ಸಾಕಾದ ಅವಳಿಗೆ ಎಂದು ಮೆಟ್ಟಿಲಿನ ಮೇಲೆ ಕುಳಿತು ತುಳುವಿನಲ್ಲಿ ಬೈದೆ. ಮುಂದಿನ ಸಲ ಮಾಮಿ ನೂಲಿನ ಉಂಡೆ ಹಿಡಿದು ಕರೆದಾಗ, "ನನಗೆ ಅವಳ ಫ್ರಾಕ್ ಬೇಡ" ಎಂದು ಹೊಳೆಗೆ ಓಡಿದೆ. ಅದರ ಮುಂದಿನ ಸಲವೂ ಓಡಿದೆ. ಆಮೇಲೆ ಮಾಮಿ ಕರೆಯುವುದನ್ನೇ ಬಿಟ್ಟರು. ಸಿಲೋನಿನಲ್ಲಿ ಕಾಯಿದೆ ಬಿಗಿಯಾಯಿತು, ಹೊರಗಿನವರು ಹೋಗಿ ಬರುವುದು ಕಷ್ಟವಾಯಿತು ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಹದಿನೈದಾದಾಗ ಅಪ್ಪನ ಕಾಗದ ಬಂತು, ಮೂರು ದಿನದ ಜ್ವರದಲ್ಲಿ ಅಮ್ಮ ತೀರಿಕೊಂಡಿದ್ದಳು. ಮಾಮಿ ಎದೆ ಬಡಿದುಕೊಂಡು ಅತ್ತರು. ನನಗೆ ಅಳು ಬರಲಿಲ್ಲ, ಯಾವ ಭಾಷೆಯಲ್ಲಿ ಅಳಬೇಕೆಂದೇ ತಿಳಿಯಲಿಲ್ಲ.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಸುಧಾಕರ ಅಲ್ಲಿ ಕಲಿತ ಇಂಗ್ಲಿಷಿನ ಬಲದಿಂದ ಬೊಂಬಾಯಿಯಲ್ಲಿ ಆಫೀಸು ಸೇರಿದ. ಏರ್ಪಾಡಿನಲ್ಲಿ ಲಾಭ ಕಂಡವನು ಅವನೊಬ್ಬ, ಅವನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು, ನಗಬೇಡಿ, ಕನ್ನಡ ಟೀಚರಾದೆ. ಬೆಳ್ತಂಗಡಿಯ ಕಡೆಯ ಶಾಲೆಗಳಲ್ಲಿ ಆಯುಷ್ಯವಿಡೀ ಪತ್ರಲೇಖನದ ಪಾಠ ಮಾಡಿದೆ. ಬೋರ್ಡಿನ ಮೇಲೆ ಮಾದರಿ ಬರೆಯುವಾಗ ಮೇಲಿನ ಸಾಲು, ಕೆಳಗಿನ ಸಾಲು ಬರೆದು ನಡುವೆ ಖಾಲಿ ಬಿಡುತ್ತಿದ್ದೆ. "ಇಲ್ಲಿ ನಿಮಗೆ ಬೇಕಾದ್ದು ಬರೆಯಿರಿ, ಅತ್ತರೂ ಅಡ್ಡಿಯಿಲ್ಲ" ಎನ್ನುತ್ತಿದ್ದೆ. ಮಕ್ಕಳು ಪಿಳಿಪಿಳಿ ನೋಡಿ, ಗೈಡು ಪುಸ್ತಕದಿಂದ ಕ್ಷೇಮ ಸಮಾಚಾರವನ್ನೇ ಇಳಿಸುತ್ತಿದ್ದರು. ಬಂಟ್ವಾಳದ ಆ ಮನೆ ಈಗಿಲ್ಲ. ಒಂದು ಮಳೆಗಾಲ ನೇತ್ರಾವತಿ ಒಳಗೆ ಬಂದು ಮಣ್ಣಿನ ಗೋಡೆ ಕುಳಿತಿತು, ಉಳಿದದ್ದನ್ನು ರಸ್ತೆ ಅಗಲ ಮಾಡುವವರು ತೆಗೆದರು. ಮಾಮಿಯೂ ಮಾಮನೂ ಹೋದರು. ನಾಲ್ಕು ಮೆಟ್ಟಿಲುಗಳಲ್ಲಿ ಒಂದು ಮಾತ್ರ ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುತ್ತದೆ.

ಅಪ್ಪ ಬಂದದ್ದು ಅಮ್ಮ ಹೋದ ಮರುವರ್ಷ. ಕೆಲಸ ಬಿಟ್ಟು, ಒಂದು ಟ್ರಂಕು ಹಿಡಿದು, ಮಾಮನ ಬಸ್ಸಿನಿಂದಲೇ ಇಳಿದರು. ನನ್ನನ್ನು ಗುರುತಿಸಲಿಲ್ಲ. ಮಾಮಿ ಹೇಳಿದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಸಂಜೆ ಜಗಲಿಯಲ್ಲಿ ಟ್ರಂಕು ತೆಗೆದು, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟನ್ನು ನನ್ನ ಮಡಿಲಿಗೆ ಹಾಕಿದರು. ಬಿಚ್ಚುವ ಮುಂಚೆಯೇ ವಾಸನೆ ಬಂತು. ಒಮ್ಮೆಯೂ ನೀರು ಕಾಣದ ಬಟ್ಟೆ, ಗಂಜಿ ಇನ್ನೂ ಗರಿಗರಿಯಾಗಿತ್ತು. ತಿಳಿನೀಲಿ ಫ್ರಾಕ್. ಕೊರಳು, ತೋಳು, ಗುಂಡಿ ಎಲ್ಲ ಮುಗಿದಿತ್ತು. ಕೆಳಗಿನ ಅಂಚು ಮಾತ್ರ ಮಡಿಚಿರಲಿಲ್ಲ, ಕತ್ತರಿಸಿದ ಬಟ್ಟೆಯ ಎಳೆಗಳು ಜೋತುಬಿದ್ದಿದ್ದವು. ಹನ್ನೊಂದು ವರ್ಷದ ಹುಡುಗಿಯದ್ದು. ನನಗಾಗ ಹದಿನಾರು.

"ನೀನು ಹಡಗು ಹತ್ತುವಾಗ ಹಾಕಲಿಕ್ಕೆ ಅಂತ ಹೊಲಿದದ್ದು" ಎಂದರು ಅಪ್ಪ. "ಉದ್ದ ಎಷ್ಟು ಇಡುವುದು ಅಂತ ನಿನ್ನ ಕಾಗದಕ್ಕೆ ಕಾಯ್ತಾ ಇದ್ಲು. ಎರಡು ತಿಂಗಳಲ್ಲಿ ಬೆಳೆದಿರ್ತಾಳೆ ಅಂತ."

"ನನಗೆ ಬರಬೇಕಿತ್ತಪ್ಪ" ಎಂದೆ. ಐದು ವರ್ಷದ ಮೇಲೆ, ಕೊನೆಗೂ, ನನ್ನದೇ ಮಾತು ಬಾಯಿಂದ ಹೊರಗೆ ಬಂತು.

ಅಪ್ಪ ನನ್ನ ಮುಖವನ್ನೇ ನೋಡಿದರು. "ಇಲ್ಲೇ ಇರ್ತೇನೆ ಅಂತ ಬರೆದದ್ದು ನೀನೇ ಅಲ್ವಾ ಮಗಾ? ನಾನು ಅದನ್ನು ಓದಿ ಅವಳ ಭಾಷೆಯಲ್ಲಿ ಹೇಳಿದೆ. ಅವಳು ನಂಬಲಿಲ್ಲ. ನೀವು ತಪ್ಪು ಓದ್ತಾ ಇದ್ದೀರಿ, ನನ್ನ ಮಗಳು ಹಾಗೆ ಹೇಳುವವಳಲ್ಲ ಅಂತ ಜಗಳ ಮಾಡಿದ್ಲು." ಅವರು ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟುಕೊಂಡರು. "ಆಮೇಲೆ ಕವರು ಕೊಡು ಅಂದ್ಲು. ತಲೆಕೆಳಗೆ ಹಿಡಿದು ಕೊಡವಿದ್ಲು. ಒಳಗೆ ಬೆರಳು ಹಾಕಿ ನೋಡಿದ್ಲು. ಕೆಳಗೆ ಬಿತ್ತೋ ಅಂತ ಮಿಷನ್ ಸರಿಸಿ ನೆಲವೆಲ್ಲ ಸವರಿದ್ಲು. ನೂಲು ಇರಲಿಲ್ಲ. ಆಗ ನಂಬಿದ್ಲು."